‘ವಾಸಯೋಗ್ಯವಲ್ಲದ’ ಎಂದರೆ ಏನು? ‘ನಿರ್ಜನ’ ಎಂಬುದಕ್ಕಿಂತ ಅದು ಹೇಗೆ ಭಿನ್ನ?

ಕುಡಿಯುವ ನೀರು, ಸಹಿಸಬಹುದಾದ ಉಷ್ಣತೆ, ಶುದ್ಧ ಗಾಳಿ, ಅಪಾಯವಿಲ್ಲದ ಸೂರು ಇವುಗಳ ಕೊರತೆಯಿಂದ ಮನುಷ್ಯರು ನೆಲೆಸಲಾಗದ ಜಾಗವನ್ನು ‘ವಾಸಯೋಗ್ಯವಲ್ಲದ’ ಜಾಗ ಎನ್ನುತ್ತೇವೆ. ‘ನಿರ್ಜನ’ ಎಂಬುದು ಸದ್ಯ ಅಲ್ಲಿ ಜನರಿಲ್ಲ ಎಂದಷ್ಟೇ ಹೇಳುತ್ತದೆ. ನೀರು, ನೆರಳು ಎಲ್ಲವೂ ಇರುವ ದ್ವೀಪವೂ ನಿರ್ಜನವಾಗಿರಬಹುದು.

ಈ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವುದು ಸರಿಯಲ್ಲವೆಂದು ನನ್ನ ಖಚಿತ ಅಭಿಪ್ರಾಯ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದಲ್ಲಿ ಸ್ಫೋಟ ಸಂಭವಿಸಿದ ಮರುದಿನವೇ ಪಕ್ಕದ ಪ್ರಿಪ್ಯಾತ್ ನಗರವನ್ನು ತೆರವುಗೊಳಿಸಲಾಯಿತು. ಮನೆ, ಶಾಲೆ, ರಸ್ತೆಗಳೆಲ್ಲ ಇದ್ದಲ್ಲೇ ಇದ್ದರೂ ಮಣ್ಣಿಗೆ ಸೇರಿದ ವಿಕಿರಣಶೀಲ ವಸ್ತುಗಳಿಂದಾಗಿ ಆ ಊರು ವಾಸಯೋಗ್ಯವಾಗಿ ಉಳಿಯಲಿಲ್ಲ. ಆದರೆ ಸುತ್ತಲಿನ ನಿಷೇಧಿತ ವಲಯದ ಹಳ್ಳಿಗಳಿಗೆ, ಹುಟ್ಟಿದ ನೆಲವನ್ನು ಬಿಟ್ಟಿರಲಾರದ ಕೆಲವರು, ಬಹುತೇಕ ವೃದ್ಧರು, ಮರಳಿ ಬಂದು ವರ್ಷಗಟ್ಟಲೆ ಬಾಳಿದ್ದರಿಂದ, ಆ ಪ್ರದೇಶ ವಾಸಯೋಗ್ಯವಲ್ಲದಿದ್ದರೂ ಪೂರ್ತಿ ನಿರ್ಜನವಾಗಲಿಲ್ಲ.

ಶಿಥಿಲಗೊಂಡ ಕಟ್ಟಡಕ್ಕೂ ಇದೇ ಪದ ಸಲ್ಲುತ್ತದೆ: ‘ಈ ಕಟ್ಟಡ ವಾಸಕ್ಕೆ ಯೋಗ್ಯವಲ್ಲ.’ ಒಮ್ಮೆ ಜನರಿದ್ದು ಈಗ ಹಾಳುಬಿದ್ದಿದೆ ಎಂದಷ್ಟೇ ಹೇಳಬೇಕಿದ್ದರೆ ‘ಪಾಳುಬಿದ್ದ’ ಎನ್ನುವುದೇ ಸೂಕ್ತ.