ಊರಿನ ನಕ್ಷೆಗೆ ಬಣ್ಣ ಬಳಿಯುವ ಮುನ್ನ

ಪ್ರಶ್ನೆ: ಚಿಕ್ಕಮಗಳೂರು ನಗರದ ಅಂಚಿನಲ್ಲಿ ನಮ್ಮ ಹಳ್ಳಿ. ಸ್ವಲ್ಪ ಕಾಫಿ ತೋಟ ಇದೆ, ಅದರ ಕೆಳಗೇ ಊರ ಕೆರೆ. ಮುಂದಿನ ಮಾಸ್ಟರ್ ಪ್ಲಾನ್‌ನಲ್ಲಿ ನಮ್ಮೂರೂ ಸೇರಬಹುದು ಅಂತ ಜನ ಮಾತಾಡಿಕೊಳ್ಳುತ್ತಿದ್ದಾರೆ. ಪ್ಲಾನ್ ಮಾಡುವ ಮೊದಲು ಏನೇನು ಸರ್ವೆ ಆಗಬೇಕು? ಈಗ ಉಪಗ್ರಹದ ಚಿತ್ರ ಸಿಗುತ್ತದಲ್ಲ, ಅಷ್ಟು ಸಾಲದಾ?

ಉತ್ತರ: ಸಾಲದು. ನಮ್ಮ ಜಿಲ್ಲೆಗಂತೂ ಖಂಡಿತ ಸಾಲದು. ಮೇಲಿಂದ ನೋಡಿದರೆ ಮರದ ನೆರಳಿನ ಕಾಫಿ ತೋಟವೂ ಕಾಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಗೋಮಾಳ ಸುಮ್ನೆ ಖಾಲಿ ಬಿದ್ದ ಜಾಗದ ಹಾಗಿರುತ್ತದೆ, ಅಲ್ಲಿ ಊರ ದನ ಮೇಯುವುದು ಚಿತ್ರಕ್ಕೆ ಗೊತ್ತಾಗುವುದಿಲ್ಲ. ಹೋಂಸ್ಟೇ ಕೂಡ ಮಾಮೂಲಿ ಮನೆಯ ಹಾಗೇ ಕಾಣುತ್ತದೆ, ಆದರೆ ಅಲ್ಲಿನ ನೀರು, ಕಾರು, ಕಸ ಎಲ್ಲ ಬೇರೆಯೇ ಲೆಕ್ಕ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961 ಎಂದು ಒಂದು ಕಾನೂನಿದೆ. ಅದರ 9ನೇ ಸೆಕ್ಷನ್ ಪ್ರಕಾರ ಸರ್ವೆ ಮೊದಲು, ಪ್ಲಾನ್ ಆಮೇಲೆ. ಅಂದರೆ ಜನ ಓಡಾಡಿ, ಈಗ ಯಾವ ಜಾಗ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ನೋಡಿ ಒಂದು ನಕ್ಷೆ ಮಾಡಬೇಕು. ಮನೆಗಳಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಹೀಗೆ ಮುಂದೆ ಯಾವ ಜಾಗ ಯಾವುದಕ್ಕೆ ಎಂದು ತೋರಿಸುವ ಪ್ಲಾನಿನ ನಕ್ಷೆಗೆ ಬಣ್ಣ ಬಳಿಯುವುದು ಅದಾದ ಮೇಲೆ. ಮೊದಲ ನಕ್ಷೆ ತಪ್ಪಾದರೆ ಎರಡನೆಯದು ಸರಿಯಾಗುವುದು ಹೇಗೆ ಹೇಳಿ.

ಜನಸಂಖ್ಯೆಯ ಲೆಕ್ಕವೂ ಬೇಕು. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರದಲ್ಲಿದ್ದವರು 1,18,401 ಜನ. 2021ರಲ್ಲಿ ಆಗಬೇಕಿದ್ದ ಗಣತಿ ಆಗ ನಡೆಯಲೇ ಇಲ್ಲ. 2013ರಲ್ಲಿ ಕಡೂರಿನಿಂದ ರೈಲು ಬಂತು, ಸುತ್ತ ಲೇಔಟ್‌ಗಳಾದವು, ಊರು ತುಂಬಾ ಬದಲಾಗಿದೆ. ಹಾಗಾಗಿ ಕರೆಂಟ್ ಸಂಪರ್ಕ, ರೇಷನ್ ಕಾರ್ಡ್, ಶಾಲೆಯ ಹಾಜರಿ ಎಲ್ಲ ಸೇರಿಸಿ ಇವತ್ತಿನ ಅಂದಾಜು ಮಾಡಬೇಕು. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬ ಮಾಮೂಲಿ ಲೆಕ್ಕ ಹಿಡಿದರೆ 2011ರ ಜನಕ್ಕೇ ದಿನಕ್ಕೆ ಸುಮಾರು 1 ಕೋಟಿ 60 ಲಕ್ಷ ಲೀಟರ್ ಆಯಿತು. ಯಗಚಿ ನದಿ, ಹಿರೇಕೊಳಲೆ ಕೆರೆಯ ನೀರನ್ನೇ ನೆಚ್ಚಿಕೊಂಡ ಊರಿದು. ಹೊಸ ಬಡಾವಣೆಗೆ ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ಸಿಗದೆ ಹಳದಿ ಬಳಿಯಬಾರದು.

ವಾಹನ ಎಣಿಸುವುದೂ ಇದೆ. ಮಳೆಗಾಲದ ಒಂದು ಮಂಗಳವಾರ ಬೆಟ್ಟದ ದಾರಿಯ ಕೈಮರದಲ್ಲಿ ನಿಂತು ಎಣಿಸಿದರೆ ಏನು ಪ್ರಯೋಜನ? ಮುಳ್ಳಯ್ಯನಗಿರಿಗೆ ಜನ ಬರುವುದು ಶನಿವಾರ, ಭಾನುವಾರ ಅಲ್ವಾ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ನೀರು ಹರಿಯುವ ದಾರಿ. ನಮ್ಮದು ಬೆಟ್ಟದ ಬುಡದ ಊರು, ಮಳೆ ಬಂದರೆ ನೀರು ಮೇಲಿಂದ ಕೆಳಕ್ಕೆ ನುಗ್ಗುತ್ತದೆ. ಕೆರೆಗೆ ಬರುವ ಹಳ್ಳ, ಕೆರೆ ತುಂಬಿ ಕೋಡಿ ಬಿದ್ದಾಗ ನೀರು ಹೋಗುವ ಕಾಲುವೆ, ಅದು ಸೇರುವ ಮುಂದಿನ ಕೆರೆ, ಇಷ್ಟನ್ನೂ ಹಳೆಯ ಗ್ರಾಮ ನಕಾಶೆ ಕೈಯಲ್ಲಿ ಹಿಡಿದು ನಡೆದೇ ನೋಡಬೇಕು, ಅದೂ ಮಳೆಗಾಲದಲ್ಲಿ. ಬೇರೆ ಕಡೆ ಒಂದು ಊರಿನಲ್ಲಿ ನಾನೇ ನೋಡಿದ್ದೇನೆ, ಬೇಸಿಗೆಯಲ್ಲಿ ಒಣಗಿದ್ದ ಕೋಡಿ ಕಾಲುವೆ ನಕ್ಷೆಗೆ ಬರಲೇ ಇಲ್ಲ, ಅದರ ಮೇಲೆ ಸೈಟ್ ಆಯಿತು, ಸಾಲ ಮಾಡಿ ಮನೆ ಕಟ್ಟಿದವರು ಕೋಡಿ ಬಿದ್ದ ವರ್ಷ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಆ ಊರಿನ ಹಿರಿಯರಿಗೆಲ್ಲ ಆ ಕಾಲುವೆ ಗೊತ್ತಿತ್ತು, ಆದರೆ ಅವರನ್ನು ಯಾರೂ ಕೇಳಿರಲಿಲ್ಲ. ಈಗಲೂ ಅದನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ.

ಆದ್ದರಿಂದ ಯಾರಾದರೂ ಬಂದು ಕೇಳಲಿ ಎಂದು ಕಾಯಬೇಡಿ. ಗ್ರಾಮ ನಕಾಶೆಯ ಪ್ರತಿ ತೆಗೆಸಿ. ಕೆರೆ, ಗೋಮಾಳ, ಗುಂಡುತೋಪು, ಸ್ಮಶಾನ, ಬಂಡಿದಾರಿಗಳ ಸರ್ವೆ ನಂಬರ್ ಬರೆದಿಡಿ. ಕೋಡಿ ಹರಿಯುವಾಗ ತಾರೀಕು ಸಮೇತ ಫೋಟೊ ತೆಗೆಯಿರಿ. ಕರಡು ಪ್ಲಾನ್ ಪ್ರಕಟವಾದ ಮೇಲೆ ಜನ ಅಭಿಪ್ರಾಯ ಹೇಳಲು ಅದೇ ಕಾಯ್ದೆ 60 ದಿನ ಕೊಡುತ್ತದೆ. ಆಗ ಹುಡುಕಲು ಹೊರಟರೆ ದಿನ ಸಾಲುವುದಿಲ್ಲ. ‘ನಮಗೆ ಅನ್ಯಾಯವಾಗಿದೆ’ ಎಂದಷ್ಟೇ ಬರೆದ ಅರ್ಜಿಗಿಂತ ‘ಈ ಸರ್ವೆ ನಂಬರಿನಲ್ಲಿ ಕಾಲುವೆ ಇದೆ, ನಿಮ್ಮ ನಕ್ಷೆಯಲ್ಲಿ ಬಿಟ್ಟುಹೋಗಿದೆ, ನಕಾಶೆ ಲಗತ್ತಿಸಿದ್ದೇನೆ’ ಎಂಬ ಅರ್ಜಿಗೆ ಬೆಲೆ ಜಾಸ್ತಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ಪ್ರಶ್ನೆ: ನಮ್ಮ ತೋಟಕ್ಕೆ ಹಳದಿ ಬಣ್ಣ ಬಂದರೆ ಕಾಫಿ ಗಿಡ ಕೀಳಬೇಕಾ?

ಉತ್ತರ: ಇಲ್ಲ. ಬಣ್ಣ ಬಂದ ಮಾತ್ರಕ್ಕೆ ಜಮೀನು ಬೇರೆಯವರದಾಗುವುದಿಲ್ಲ, ಪಹಣಿಯಲ್ಲಿ ನಿಮ್ಮ ಹೆಸರೇ ಇರುತ್ತದೆ, ನೀವು ಕಾಫಿ ಬೆಳೆದುಕೊಂಡೇ ಇರಬಹುದು. ಆದರೆ ತೋಟದ ಮೇಲೆ ರಸ್ತೆಯ ಗೆರೆಯೋ ಪಾರ್ಕಿನ ಹಸಿರೋ ಬಿದ್ದಿದ್ದರೆ ಮುಂದೆ ಅಲ್ಲಿ ಮನೆ ಕಟ್ಟಲು ಅನುಮತಿ ಸಿಗುವುದು ಕಷ್ಟ. ಕರಡು ನಕ್ಷೆಯಲ್ಲಿ ಮೊದಲು ನಿಮ್ಮ ಸರ್ವೆ ನಂಬರ್ ಹುಡುಕಿ, ಗೆರೆ ಕಂಡರೆ ಆ 60 ದಿನದೊಳಗೇ ಆಕ್ಷೇಪಣೆ ಕೊಡಿ.