ಹುಸಿ ಸಭೆ, ನಿಜವಾದ ಅರ್ಜಿ

ಪ್ರಶ್ನೆ: ಮಕ್ಕಳ ಗ್ರಾಮಸಭೆಯಲ್ಲಿ ಎಂಟನೇ ತರಗತಿಯ ನನ್ನ ಮಗಳು ತುಟಿ ಬಿಚ್ಚುವುದಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಶಿರಸಿ

ಉತ್ತರ: ತಾಯಿ, ಭಾಷಣ ಕಲಿಸಲು ಹೋಗಬೇಡಿ, ಆಡಿಸಿ. ನಾನು ಮೇಷ್ಟ್ರಾಗಿದ್ದಾಗ ಶನಿವಾರ ಶಾಲೆ ಬಿಟ್ಟ ಮೇಲೆ ಹುಣಸೆ ಮರದಡಿ ಹುಸಿ ಸಭೆ ನಡೆಸುತ್ತಿದ್ದೆ. ಒಬ್ಬರು ಅಧ್ಯಕ್ಷರು, ಒಬ್ಬರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಉಳಿದವರು ದೂರು ತಂದ ಊರಿನವರು. ಲಗೋರಿ ಚೆಂಡು ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಮಾತು. ಪಿಡಿಒ ‘ಅನುದಾನ ಇಲ್ಲ’ ಎಂದರೆ ಸಾಕು, ಮೂಲೆ ಹಿಡಿದವಳೂ ಸಿಡಿದೇಳುತ್ತಿದ್ದಳು! (ಅಧ್ಯಕ್ಷಗಿರಿಗೆ ಜಗಳವಾಗುತ್ತದೆ, ಚೀಟಿ ಎತ್ತಿಸಿ.) ಮಗಳಿಗೆ ಮೊದಲು ನಡಾವಳಿ ಬರೆಯುವ ಕೆಲಸ ಕೊಡಿ, ಕೊನೆಗೆ ಅದನ್ನು ಎದ್ದುನಿಂತು ಓದಲೇಬೇಕಲ್ಲ. ಕೆಟ್ಟ ನಲ್ಲಿಯೋ ಬೀದಿದೀಪವೋ, ಒಂದೇ ವಿಷಯ ಹಿಡಿದು ನಿಜವಾದ ಅರ್ಜಿಯನ್ನೂ ಮಕ್ಕಳೇ ಬರೆಯಲಿ. ಎರಡು ಪ್ರತಿ ಇರಲಿ. ಒಂದರ ಮೇಲೆ ಪಂಚಾಯಿತಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರಲಿ.