ಫಲಪುಷ್ಪ ಪ್ರದರ್ಶನಕ್ಕೆ 75 ದಿನದಲ್ಲಿ ತೋಟ ಕಟ್ಟೋದು ಹೇಗೆ?

ನೀವು ಕೇಳಿದ್ದು ಇಷ್ಟು: ದಾವಣಗೆರೆಯ ಗಾಜಿನ ಮನೆಯಲ್ಲಿ ಜನವರಿ ಕೊನೆಗೆ ನಡೆಯುವ ಪ್ರದರ್ಶನದಲ್ಲಿ ನಿಮ್ಮ ಮಹಿಳಾ ಸಂಘಕ್ಕೆ 20 ಅಡಿಗೆ 15 ಅಡಿ ಜಾಗ ಸಿಕ್ಕಿದೆ. ಈಗ ನವೆಂಬರ್ ಮಧ್ಯ. ಎಲ್ಲಿಂದ ಶುರು ಮಾಡಲಿ?

ಕ್ಯಾಲೆಂಡರ್‌ನಿಂದ ಶುರು ಮಾಡಿ, ಅದೂ ಹಿಂದಿನಿಂದ. ಉದ್ಘಾಟನೆಯ ದಿನಕ್ಕೆ ಒಂದು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ನನ್ನದು ಚಿತ್ರದುರ್ಗದಲ್ಲಿ ಒಂದು ಸಣ್ಣ ನರ್ಸರಿ. ಇಂಥ ತೋಟ ಎರಡು ಸಲ ಕಟ್ಟಿದ್ದೇನೆ. ಮೊದಲನೇ ಸಲ ಮಾನ ಹೋಯ್ತು, ಎರಡನೇ ಸಲ ಉಳೀತು. ಎರಡಕ್ಕೂ ಕಾರಣ ದಿನದ ಲೆಕ್ಕವೇ.

75 ದಿನದಲ್ಲಿ ಬೀಜದಿಂದ ಏನೇನು ಆಗುತ್ತೆ? ಸಣ್ಣ ಜಾತಿ ಚೆಂಡು ಹೂ ಸುಮಾರು 50 ದಿನಕ್ಕೆ ಹೂ ಬಿಡುತ್ತೆ. ದೊಡ್ಡ ಚೆಂಡು ಹೂವಿಗೆ 60-70 ದಿನ ಬೇಕು. ಕುಡಿ ಚಿವುಟಿದರೆ ಇನ್ನೂ ಹತ್ತು ಹದಿನೈದು ದಿನ ಮುಂದಕ್ಕೆ ಹೋಗುತ್ತೆ, ಆದರೆ ಗಿಡ ಪೊದೆಯಾಗಿ ಹೂ ಜಾಸ್ತಿ ಬರುತ್ತೆ. ಹಾಗಾಗಿ ಸಣ್ಣ ಜಾತಿಗೆ ಚಿವುಟಿ, ದೊಡ್ಡದನ್ನು ಈ ಸಲ ಹಾಗೇ ಬಿಟ್ಟುಬಿಡಿ. ಜಿನಿಯಾ, ಕಾಸ್ಮಾಸ್ ಕೂಡ ಸಮಯಕ್ಕೆ ಬರುತ್ತವೆ. ಪೆಟೂನಿಯಾ, ಸಾಲ್ವಿಯಾ ಬೀಜದಿಂದ ಮಾಡೋಕೆ ಹೋಗಬೇಡಿ, ಸಮಯ ಸಾಲಲ್ಲ. ಟ್ರೇಯಲ್ಲಿ ಬೆಳೆದ ಸಸಿಯನ್ನೇ ತನ್ನಿ.

ಸೇವಂತಿಗೆಯನ್ನು ಮೊಗ್ಗಿರುವ ಕುಂಡ ನೋಡಿಯೇ ಕೊಳ್ಳಿ. ಇದರಲ್ಲಿ ನಾನು ಸರಿಯಾಗಿ ಪೆಟ್ಟು ತಿಂದಿದ್ದೇನೆ. ಮೊದಲ ಸಲ ಜುಲೈನಲ್ಲೇ 60 ಕುಂಡಕ್ಕೆ ಸೇವಂತಿಗೆ ನೆಟ್ಟಿದ್ದೆ. ದಸರಾ ಮುಗಿಯೋ ಹೊತ್ತಿಗೆ ಮೊಗ್ಗು ಕಾಣಿಸಿತು. ಕಾಂಪೌಂಡ್ ಪಕ್ಕದ ಒಂದು ಸಾಲಿನಲ್ಲಿ ಮಾತ್ರ ಏನೂ ಇಲ್ಲ. ಎಲೆ ಕಪ್ಪು ಹಸಿರು, ಗಿಡ ಗುಂಡಗೆ, ಮೊಗ್ಗೇ ಇಲ್ಲ. ಗೊಬ್ಬರ ಹಾಕಿದೆ, ಔಷಧಿ ಹೊಡೆದೆ. ಕೊನೆಗೆ ಕೆಲಸಕ್ಕೆ ಬರುವ ಅಜ್ಜಿ ಒಂದು ರಾತ್ರಿ ಅಲ್ಲೇ ನಿಂತು, "ಏನಪ್ಪಾ, ಇವು ನಿದ್ದೆ ಮಾಡೋದು ಯಾವಾಗ?" ಅಂದಳು. ಮೇಲೆ ನೋಡಿದರೆ ಬೀದಿ ದೀಪ! ಸೇವಂತಿಗೆಗೆ ಉದ್ದನೆಯ ಕತ್ತಲೆ ಬೇಕು, ರಾತ್ರಿ ದೀಪ ಬಿದ್ದರೆ ಮೊಗ್ಗು ಕಟ್ಟಲ್ಲ. ಪುಸ್ತಕದಲ್ಲಿ ಓದಿದ್ದೆ, ತಲೆಗೆ ಹೋಗಿರಲಿಲ್ಲ. ನೀವು ಕುಂಡಗಳನ್ನು ಮನೆ ಮನೆಗೆ ಹಂಚಿ ಬೆಳೆಸೋದಾದರೆ ಯಾರ ಮನೆ ಮುಂದೆ ಕಂಬ ಇದೆ ಅಂತ ನೋಡಿಕೊಳ್ಳಿ.

ಇನ್ನೊಂದು ಮೋಸ, ಟೇಬಲ್ ರೋಸ್, ಬಿಸಿಲಿದ್ದಾಗ ಮಾತ್ರ ಅರಳುವ ಪುಟ್ಟ ಹೂ. ಬೆಳಿಗ್ಗೆ ಹತ್ತಕ್ಕೆ ಬಂದ ತೀರ್ಪುಗಾರರು ಅದನ್ನು ನೋಡಿ ಖುಷಿಪಟ್ಟರು. ಜನ ಬರೋದು ಸಂಜೆ ಅಲ್ವಾ? ಅಷ್ಟೊತ್ತಿಗೆ ಎಲ್ಲಾ ಮುಚ್ಚಿಕೊಂಡು ಕಡ್ಡಿ ಥರ ನಿಂತಿದ್ದವು. ಎರಡನೇ ಸಲ ಅದರ ಪಕ್ಕದಲ್ಲೇ ಸಂಜೆಮಲ್ಲಿಗೆ ಇಟ್ಟೆ. ಒಂದು ಮುಚ್ಚುವ ಹೊತ್ತಿಗೆ ಇನ್ನೊಂದು ಬಿರಿಯುತ್ತೆ.

ಈಗ ತೋಟದ ವಿಚಾರ. ಹೂವಿನಲ್ಲಿ ದೊಡ್ಡ ಬೆಣ್ಣೆ ದೋಸೆ ಮಾಡಬೇಕು ಅಂತ ನಿಮ್ಮಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ದಯವಿಟ್ಟು ಬೇಡ. ಲಾಲ್‌ಬಾಗ್ ನೋಡಿ ಬಂದವರೆಲ್ಲ ಕಿತ್ತ ಗುಲಾಬಿಯಲ್ಲಿ ಏನಾದರೊಂದು ಕಟ್ಟೋಣ ಅಂತಾರೆ. ಅಲ್ಲಿ ಪ್ರದರ್ಶನದ ನಡುವೆ ಹೂ ಬದಲಿಸುತ್ತಾರೆ, ಅದಕ್ಕೆ ದುಡ್ಡೂ ಇದೆ, ಜನರೂ ಇದ್ದಾರೆ. ನಮ್ಮ ಒಣ ಗಾಳಿಗೆ ಗುಲಾಬಿ ಮೂರನೇ ದಿನಕ್ಕೆ ತಲೆ ಬಗ್ಗಿಸುತ್ತೆ. ಬೇರು ಇರುವ ಗಿಡವೇ ವಾಸಿ.

ನಾನು ಮಾಡಿದ್ದು ಚಿತ್ರದುರ್ಗ ಕೋಟೆಯ ಅಕ್ಕತಂಗಿ ಹೊಂಡದ ನೆನಪಿಗೆ ಎರಡು ಪುಟ್ಟ ಹೊಂಡ, ಒಂದರ ಕೆಳಗೊಂದು. ಮೇಲಿನದು ತುಂಬಿ ಕೆಳಗಿನದಕ್ಕೆ ನೀರು ಇಳಿಯಬೇಕು. ಸುತ್ತ ಕಲ್ಲು, ಕಲ್ಲಿನ ಸಂದಿಯಲ್ಲಿ ಕಳ್ಳಿ, ಹುಲ್ಲು, ಅಂಚಿಗೆ ಹಳದಿ ಚೆಂಡು ಹೂ. ಕಲ್ಲನ್ನು ಕೋಟೆಯಿಂದ ತರುವ ಹಾಗಿಲ್ಲ, ಅದು ಸಂರಕ್ಷಿತ ಸ್ಮಾರಕ. ಕ್ವಾರಿಯಲ್ಲಿ ಬಿದ್ದಿದ್ದ ತುಂಡುಗಳನ್ನು ಕೊಂಡು ತಂದೆ. ಕಲ್ಲು ಇಡೋದನ್ನು ಒಬ್ಬ ಒಡ್ಡು ಕಟ್ಟುವವರಿಂದ ಕಲಿತೆ. ಮೂರರಲ್ಲಿ ಒಂದು ಪಾಲು ಮಣ್ಣಿನೊಳಗೆ ಹೋಗಬೇಕು. ಇಲ್ಲದಿದ್ದರೆ ಲಾರಿಯಿಂದ ಸುರಿದ ಹಾಗೇ ಕಾಣುತ್ತೆ. ಕಲ್ಲಿನ ಪದರ ಎಲ್ಲದರಲ್ಲೂ ಒಂದೇ ದಿಕ್ಕಿಗೆ ಇರಬೇಕು. ಇಷ್ಟು ಮಾಡಿದರೆ ಆ ಬಂಡೆ ಅಲ್ಲೇ ಹುಟ್ಟಿದ್ದು ಅನ್ನಿಸುತ್ತೆ.

ಹೊಂಡಕ್ಕೆ ಹಳೇ ಗೋಣಿಚೀಲ ಹಾಸಿ, ಮೇಲೆ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಸಿದೆ. ಕಣ್ಣಂದಾಜಿನಲ್ಲಿ ಅಂಚು ಮಟ್ಟ ಮಾಡಿದ್ದೆ. ನೀರು ಬಿಟ್ಟರೆ ಕೆಳಗಿನ ಹೊಂಡಕ್ಕೆ ಇಳಿಯಬೇಕಾದದ್ದು ಪಕ್ಕದ ಸ್ಟಾಲಿನವರ ಹಾಗಲಕಾಯಿ ಬುಟ್ಟಿ ಕಡೆ ಹೊರಟಿತು. ರಾತ್ರಿ ಹನ್ನೊಂದು ಗಂಟೆ. ಮೇಸ್ತ್ರಿಗಳು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುತ್ತಾರಲ್ಲ, ಅದನ್ನೇ ತರಿಸಿ ಸರಿ ಮಾಡಿದೆವು. ನೀವು ಮೊದಲೇ ತರಿಸಿಕೊಳ್ಳಿ.

ಗಿಡಗಳನ್ನು ನೆಲಕ್ಕೆ ನೆಡಬೇಡಿ. ಕುಂಡದ ಸಮೇತ ಇಳಿಸಿ, ಅಂಚು ಕಾಣದ ಹಾಗೆ ತೆಂಗಿನ ನಾರಿನ ಪುಡಿ ಮುಚ್ಚಿ. ಯಾವುದಾದರೂ ಸೊರಗಿದರೆ ಎತ್ತಿ ಬೇರೆ ಇಡಬಹುದು. ಅದಕ್ಕೇ ನೂರು ಕುಂಡ ಬೇಕಿದ್ದರೆ 120 ಬೆಳೆಸಿ. ಕುಂಡಕ್ಕೆ ಬರೀ ಎರೆ ಮಣ್ಣು ಹಾಕಬೇಡಿ. ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮ ಸಮ ಹಾಕಿದರೆ ಸಾಕು.

ಸಾಗಿಸುವ ದಿನ ಒಂದು ಕೆಲಸ ಮರೆಯಬೇಡಿ. ಪ್ರತಿ ಕುಂಡವನ್ನೂ ಬಕೆಟ್ ನೀರಲ್ಲಿ ಮುಳುಗಿಸಿ. ಗುಳುಗುಳು ಅಂತ ಗುಳ್ಳೆ ಬರೋದು ನಿಂತ ಮೇಲೆ ಎತ್ತಿ, ನೀರು ಸೋರಿಸಿ, ಲಗೇಜ್ ಆಟೋಗೆ ಹಾಕಿ. ಮೇಲಿಂದ ಚೊಂಬಿನಲ್ಲಿ ಹುಯ್ದರೆ ಒಣಗಿದ ಬೇರುಮಣ್ಣಿನ ಪಕ್ಕದಿಂದ ಜಾರಿ ಹೋಗುತ್ತೆ, ನಡುವೆ ಒಣಕಲೇ ಉಳಿಯುತ್ತೆ. ಆಟೋದಲ್ಲಿ ಗಾಳಿ ಬಡಿಯದ ಹಾಗೆ ಶೇಡ್ ನೆಟ್ ಹೊದಿಸಿ.

ಆಮೇಲೆ ನಿಮ್ಮ ಜಾಗ ಗಾಜಿನ ಮನೆಯ ಒಳಗೋ ಹೊರಗೋ ಅಂತ ಬರೆದಿಲ್ಲ. ಮೊದಲು ಅದನ್ನು ಕೇಳಿಕೊಳ್ಳಿ, ನೆಲ ಅಗೆಯೋಕೆ ಬಿಡುತ್ತಾರಾ ಅಂತಲೂ ಕೇಳಿ. ಒಳಗಾದರೆ ಹೊಂಡವನ್ನು ನೆಲದ ಮೇಲೆ ಇಟ್ಟಿಗೆ ಜೋಡಿಸಿ ಕಟ್ಟಬೇಕಾಗುತ್ತೆ, ಟೇಬಲ್ ರೋಸ್ ಅಂತೂ ಬೇಡವೇ ಬೇಡ. ತಿಳಿಸಿ, ಗಿಡಗಳ ಪಟ್ಟಿ ಅದಕ್ಕೆ ತಕ್ಕ ಹಾಗೆ ಹೇಳುತ್ತೇನೆ.